ಕಣ್ಣು ಮುಚ್ಚಿಕೊಂಡೂ ನೋಡಬಹುದಾದ ಟೀವಿ

ಸಂಜೆ ಆರೂವರೆಯಿಂದ ರಾತ್ರಿ ಹತ್ತರವರೆಗೆ ಕನ್ನಡ ಚಾನೆಲ್‌ಗಳಲ್ಲಿ ಏನು ನಡೀತಿದೆ ಅಂತ ತಿಳಿಯಲು ಕಣ್ಣು ಬೇಕಾಗಿಲ್ಲ, ಕಿವಿ ಸಾಕು. ಶಹನಾಯಿ ಎಳೆದರೆ ಯಾರೋ ಸತ್ತಿದ್ದಾರೆ, ಇಲ್ಲವೇ ಸಾಯುವ ಹಾಗಿದ್ದಾರೆ. ಕೊಳಲು ಬಂದರೆ ಹಳ್ಳಿ. ನಾದಸ್ವರ ಬಂದರೆ ಮದುವೆ. ಅದು ನಡುವೆ ಗಕ್ಕನೆ ನಿಂತರೆ ಮದುವೆ ನಿಂತಿತು. ಸಿಡಿಲು ಮೂರು ಸಲ ಹೊಡೆದರೆ ಅತ್ತೆಗೆ ಗುಟ್ಟು ಗೊತ್ತಾಯಿತು, ಅವರ ಮುಖವನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಎದುರಿನಿಂದ ಒಮ್ಮೆ ತೋರಿಸುತ್ತಿದ್ದಾರೆ. ಕೆಜಿಎಫ್ ಥರದ ಡೋಲು ಮತ್ತು ಗಂಡಸರ ಕೋರಸ್ ಕೇಳಿಸಿದರೆ ಕಾರಿನಿಂದ ಒಂದು ಶೂ ಕೆಳಗಿಳಿಯುತ್ತಿದೆ. ಇನ್ನು ಯಾವುದಾದರೂ ಹಿಟ್ ಸಿನಿಮಾ ಹಾಡಿನ ಪಲ್ಲವಿ ಶುರುವಾದರೆ ಕೇಳುವುದೇ ಬೇಡ. ನಾಯಕಿ ಸ್ಟೂಲಿನಿಂದ ಜಾರಿದ್ದಾಳೆ, ನಾಯಕ ಹಿಡಿದುಕೊಂಡಿದ್ದಾನೆ.

ಸಿಡಿಲಿನ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಅದು ಯಾರ ಆಸ್ತಿಯೂ ಅಲ್ಲ. 2000ದಲ್ಲಿ ಹಿಂದಿಯ ಅತ್ತೆ-ಸೊಸೆ ಧಾರಾವಾಹಿಗಳ ಕಾಲ ಶುರುವಾದ ಮೇಲೆ ಬಂದದ್ದು, ನಮ್ಮಲ್ಲೂ ಬೇರು ಬಿಟ್ಟಿತು. ನನ್ನ ಸಂಕಟ ಇರುವುದು ಹಾಡುಗಳ ಬಗ್ಗೆ. ಟೀವಿಯಲ್ಲಿ ಹಾಡು ಈಗ ದೃಶ್ಯದ ಜೊತೆ ಬರುವುದಿಲ್ಲ, ದೃಶ್ಯದ ಬದಲು ಬರುತ್ತದೆ. ನಟರು ಮಾಡಬೇಕಾದದ್ದನ್ನು, ಬರೆಯುವವರು ಬರೆಯಬೇಕಾದದ್ದನ್ನು ಹಾಡು ಮಾಡಿ ಮುಗಿಸುತ್ತದೆ. ಹಾಗೆ ದುಡಿದು ದುಡಿದು ಕೊನೆಗೆ ಹಾಡೇ ಸವೆದುಹೋಗುತ್ತದೆ.

ಇದನ್ನು ಬರೀ ಸೋಮಾರಿತನ ಅಂತ ಬೈದು ಸುಮ್ಮನಾಗಬಹುದಿತ್ತು. ಆದರೆ ನಮ್ಮ ದೊಡ್ಡಮ್ಮ ಬಿಡುವುದಿಲ್ಲ. ಅವರು ಧಾರಾವಾಹಿ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ, ಚಪಾತಿ ಲಟ್ಟಿಸುತ್ತಾ ಕಿವಿ ಮಾತ್ರ ಹಾಲಿನ ಕಡೆ ಇಟ್ಟಿರುತ್ತಾರೆ. ಹಾಡು ಶುರುವಾದ ಕೂಡಲೇ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ತನಕ ಬರುತ್ತಾರೆ. ಒಮ್ಮೆ ನಾನು, "ಇದೇ ಹಾಡು ಎಷ್ಟು ಸಲ ಹಾಕ್ತಾರೆ ದೊಡ್ಡಮ್ಮ" ಅಂತ ಗೊಣಗಿದೆ. "ನಿಂಗೇನಪ್ಪ, ಕೂತ್ಕೊಂಡು ನೋಡ್ತೀಯ. ನಂಗೆ ಹಾಡು ಬಂದ್ರೆ ತಾನೆ ಎದ್ದು ಬರ್ಬೇಕೋ ಬೇಡ್ವೋ ಗೊತ್ತಾಗೋದು?" ಅಂದರು.

ಈ ಮಾತಿಗೆ ಉತ್ತರ ಇಲ್ಲ. ನಮ್ಮ ಮನೆಗಳಲ್ಲಿ ಸಂಜೆಯ ಟೀವಿ ಮುಕ್ಕಾಲು ಪಾಲು ರೇಡಿಯೋ. ಚಾನೆಲ್‌ನವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಮಾತಿಲ್ಲದೆ, ಸಂಗೀತವಿಲ್ಲದೆ ಒಬ್ಬ ಹೆಂಗಸು ಕಿಟಕಿಯ ಹತ್ತಿರ ಒಂದು ನಿಮಿಷ ಸುಮ್ಮನೆ ನಿಂತಿದ್ದರೆ ಆ ದೃಶ್ಯ ಎಷ್ಟೇ ಚೆನ್ನಾಗಿರಲಿ, ಅಡುಗೆಮನೆಗೆ ತಲುಪುವುದಿಲ್ಲ. ಕರೆಂಟ್ ಹೋಯ್ತಾ ಅಂತ ಕೇಳುತ್ತಾರೆ ಅಷ್ಟೆ.

ಇನ್ನೊಂದು ಕಾರಣ ಸಮಯ. ದಿನವೂ ಬರುವ ಧಾರಾವಾಹಿಗೆ ವಾರಕ್ಕೆ ಐದು ಕಂತು ಬೇಕು, ಕೆಲವಕ್ಕೆ ಆರೋ ಏಳೋ ಬೇಕು. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತು ಚಿಲ್ಲರೆ ನಿಮಿಷ. ಅದನ್ನು ತುಂಬಿಸಲೇಬೇಕು. ಈಗ ಆ ಸ್ಟೂಲಿನ ದೃಶ್ಯವನ್ನು ಲೆಕ್ಕ ಹಾಕಿ. ಬೀಳುವುದಕ್ಕೆ ಒಂದು ಸೆಕೆಂಡು, ಹಿಡಿಯುವುದಕ್ಕೆ ಒಂದು ಸೆಕೆಂಡು. ಸ್ಲೋ ಮೋಷನ್ ಹಾಕಿ, ಮೂರು ಕೋನದಿಂದ ತೋರಿಸಿ, ಎದುರಿಗೆ ನಿಂತ ನಾದಿನಿಯ ಹೊಟ್ಟೆಕಿಚ್ಚಿನ ಮುಖ ನಡುನಡುವೆ ಸೇರಿಸಿ, ಅದರ ಮೇಲೆ ಪಲ್ಲವಿ, ಒಂದು ಚರಣ. ಎರಡು ಸೆಕೆಂಡಿನ ಘಟನೆ ಎರಡೂವರೆ ನಿಮಿಷ ಆಯಿತು. ಸಂಭಾಷಣೆ ಬರೆಯುವವರಿಗೆ ಒಂದು ಸಾಲಿನ ಕೆಲಸವೂ ಇಲ್ಲ. ಯಾವುದನ್ನು ಎಷ್ಟು ಜನ ನೋಡಿದರು ಅಂತ ಅಳೆಯುವ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಗುರುವಾರ ಬರುತ್ತದೆ. ಹಾಡು ಹಾಕಿದ ಕಂತಿಗೆ ಅಂಕ ಚೆನ್ನಾಗಿ ಬಂದರೆ ಮುಂದಿನ ವಾರ ಸ್ಟೂಲಿನ ಬದಲು ಏಣಿ ಇಡುತ್ತಾರೆ. 2006ರಲ್ಲಿ ಮುಂಗಾರು ಮಳೆ ಬಂದ ಮೇಲೆ ಟೀವಿಯಲ್ಲಿ ಪ್ರೀತಿ ಅಂದರೆ ಆ ಸಿನಿಮಾದ ಹಾಡು, ಮಳೆ ಅಂದರೂ ಆ ಸಿನಿಮಾದ ಹಾಡು ಅನ್ನುವಂತಾಗಿದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿರಬೇಕು. ಜಯಂತ ಕಾಯ್ಕಿಣಿಯವರ ಸಾಲುಗಳಲ್ಲಿ ಒಂದು ಹಿಂಜರಿಕೆ ಇದೆ, ತನಗೇ ಅರ್ಥವಾಗದ ಒಂದು ತಳಮಳ ಇದೆ. ಟೀವಿಗೆ ಅದು ಬೇಕಾಗಿರಲಿಲ್ಲ. ಪಲ್ಲವಿಯ ಮೊದಲ ನಾಲ್ಕು ಪದ ಸಾಕಾಗಿತ್ತು.

ಧಾರಾವಾಹಿಯಲ್ಲಿ ಇದನ್ನು ನಕ್ಕು ಬಿಡಬಹುದು. ನನಗೆ ನಿಜಕ್ಕೂ ಕಷ್ಟವಾಗುವುದು ರಿಯಾಲಿಟಿ ಶೋಗಳಲ್ಲಿ. ಹಾಡಲು ಬಂದ ಹುಡುಗನೊಬ್ಬ ವೇದಿಕೆಗೆ ಬರುತ್ತಾನೆ. ಹಾಡುವ ಮೊದಲು "ಇವರ ಒಂದು ವಿಟಿ ನೋಡೋಣ" ಅನ್ನುತ್ತಾರೆ. ವಿಟಿ ಅಂದರೆ ಅವರ ಬದುಕಿನ ಪುಟ್ಟ ವಿಡಿಯೋ. ಹೆಂಚಿನ ಮನೆ, ಅಪ್ಪನ ಹಳೇ ಸೈಕಲ್, ಅಮ್ಮನ ಒಡೆದ ಹಿಮ್ಮಡಿ. ಹಿಂದೆ ತಾಯಿಯ ಬಗೆಗಿನ ಯಾವುದೋ ಸಿನಿಮಾ ಹಾಡು. ವಿಟಿ ಮುಗಿಯುವಷ್ಟರಲ್ಲಿ ಕ್ಯಾಮೆರಾ ತೀರ್ಪುಗಾರರ ಕಣ್ಣಿನ ಹತ್ತಿರ ಹೋಗಿರುತ್ತದೆ. ಆಮೇಲೆ ಅಮ್ಮನನ್ನು ವೇದಿಕೆಗೆ ಕರೆಯುತ್ತಾರೆ. ಮತ್ತೆ ಅದೇ ಹಾಡು, ಈ ಸಲ ಪಿಟೀಲಿನಲ್ಲಿ.

ಆ ಬಡತನ ನಿಜ, ಆ ಅಮ್ಮನೂ ನಿಜ. ಅವರ ಕಷ್ಟಕ್ಕೆ ಅವರದೇ ಒಂದು ಸದ್ದು ಇರುತ್ತದೆ: ಮಾತಿನ ಶೈಲಿ, ಊರಿನ ಕನ್ನಡ, ನಾಚಿಕೆಗೆ ಅರ್ಧಕ್ಕೇ ನಿಲ್ಲಿಸಿದ ವಾಕ್ಯ. ರಾಯಚೂರು ಕಡೆಯ ತಾಯಿ ಮಾತಾಡುವ ರೀತಿ ಬೇರೆ, ಕುಂದಾಪುರದ ತಾಯಿಯದು ಬೇರೆ. ಹಾಡು ಹಾಕಿದ ತಕ್ಷಣ ಇಬ್ಬರೂ ಒಂದೇ ಆಗಿಬಿಡುತ್ತಾರೆ, ಟೀವಿಯ ಅಮ್ಮ. ತಮಾಷೆಯೆಂದರೆ ಅದು ಹಾಡಿನ ಸ್ಪರ್ಧೆ. ಹುಡುಗನ ಗಂಟಲು ಕೇಳಬೇಕು ಅಂತ ನಾವು ಕೂತಿದ್ದೇವೆ. ಅವನು ಬಾಯಿ ಬಿಡುವ ಮೊದಲೇ ಬೇರೆಯವರ ಹಾಡು ನಮ್ಮನ್ನು ಅಳಿಸಿ, ಅಂಕ ಹಾಕಿಸಿ ಮುಗಿಸಿರುತ್ತದೆ. ಚಿಕ್ಕ ಮಕ್ಕಳ ಶೋಗಳಲ್ಲಂತೂ ಇದನ್ನು ನೋಡಲು ನನಗೆ ಆಗುವುದಿಲ್ಲ, ಎದ್ದು ಹೋಗುತ್ತೇನೆ.

ಇನ್ನು ಬೊಂಬೆ ಹೇಳುತೈತೆ. ಇದರ ಬಗ್ಗೆ ಬರೆಯಲು ಸ್ವಲ್ಪ ಅಳುಕಿದೆ, ಆದರೂ ಬರೆಯುತ್ತೇನೆ. 2017ರ ರಾಜಕುಮಾರ ಸಿನಿಮಾದ ಹಾಡು. ಸಂತೋಷ್ ಆನಂದರಾಮ್ ಸಾಹಿತ್ಯ, ವಿ. ಹರಿಕೃಷ್ಣ ಸಂಗೀತ, ವಿಜಯ್ ಪ್ರಕಾಶ್ ದನಿ. 1971ರ ಕಸ್ತೂರಿ ನಿವಾಸದ ಗೊಂಬೆಯನ್ನು ನೆನಪಿಸಿ, ಅಪ್ಪನಿಂದ ಮಗನಿಗೆ ಒಂದು ಎಳೆ ಹಾಕುವ ಹಾಡು ಅದು. ಸಿನಿಮಾದಲ್ಲಿ ಅದು ಖುಷಿಯ ಹಾಡು. ಬಂದ ವರ್ಷ ಮದುವೆ ಮನೆ, ಗಣೇಶನ ಪೆಂಡಾಲು, ಕಾಲೇಜಿನ ವಾರ್ಷಿಕೋತ್ಸವ, ಎಲ್ಲ ಕಡೆ ಕುಣಿಸಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವತ್ತಿನಿಂದ ಅದೇ ಹಾಡು ಶೋಕಗೀತೆ ಆಯಿತು. ಅದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಜನರೇ ಹಾಗೆ ಮಾಡಿಕೊಂಡರು. ಕಂಠೀರವ ಸ್ಟುಡಿಯೋದ ಕಡೆ ಹೋದ ಸಾಲುಗಳಲ್ಲಿ ಎಷ್ಟೋ ಜನರ ಮೊಬೈಲಿನಲ್ಲಿ ಅದೇ ಇತ್ತು. ಅಪ್ಪು ಬಾಲಕನಾಗಿ 1982ರ ಚಲಿಸುವ ಮೋಡಗಳು ಸಿನಿಮಾಕ್ಕೆ ಹಾಡಿದ ಕಾಣದಂತೆ ಮಾಯವಾದನು ಕೂಡ ಆ ದಿನಗಳಲ್ಲಿ ಹಾಗೇ ಬೇರೆ ಅರ್ಥ ಪಡೆಯಿತು. ಮಗುವಿನ ದನಿಯಲ್ಲಿ ಆ ಹಾಡು ಕೇಳಿ ಆ ವಾರ ಅಳದವರು ಕಡಿಮೆ.

ಅಲ್ಲಿಯವರೆಗೆ ಸರಿ. ಆಮೇಲೆ ಟೀವಿ ಆ ಹಾಡನ್ನು ಕೈಗೆತ್ತಿಕೊಂಡಿತು. ಡ್ಯಾನ್ಸ್ ಶೋದಲ್ಲಿ ನಮನ, ಕಾಮಿಡಿ ಶೋದಲ್ಲಿ ನಮನ, ಅಡುಗೆ ಶೋದಲ್ಲಿ ನಮನ, ಪ್ರಶಸ್ತಿ ಸಮಾರಂಭದಲ್ಲಿ ನಮನ. ಮರಳಿನಲ್ಲಿ ಚಿತ್ರ ಬಿಡಿಸಿದರೂ ಆ ಹಾಡು, ದೀಪ ಹಚ್ಚಿದರೂ ಆ ಹಾಡು. ಪ್ರತಿಯೊಂದು ನಮನದಲ್ಲೂ ಪ್ರಾಮಾಣಿಕತೆ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಪ್ರೋಮೋದಲ್ಲಿ ಆ ಪಲ್ಲವಿ ಹಾಕಿದರೆ ಜನ ಚಾನೆಲ್ ಬದಲಿಸುವುದಿಲ್ಲ ಅನ್ನುವುದು ಬಹಳ ಬೇಗ ಗೊತ್ತಾಗಿಹೋಯಿತು. ಆಮೇಲೆ ಅಪ್ಪುಗೆ ಸಂಬಂಧವೇ ಇಲ್ಲದ ಕಡೆಯೂ, ಯಾರೋ ಯಾರಿಗೋ ಸಹಾಯ ಮಾಡಿದ ದೃಶ್ಯಕ್ಕೂ, ಅದು ಬರತೊಡಗಿತು. ಕೇಳಿದಾಗ ಈಗಲೂ ನನ್ನ ಗಂಟಲು ಬಿಗಿಯುತ್ತದೆ. ಜೊತೆಗೆ ಸಿಟ್ಟೂ ಬರುತ್ತದೆ, ಯಾಕೆಂದರೆ ಗಂಟಲು ಬಿಗಿಯುತ್ತದೆ ಅಂತ ಗೊತ್ತಿದ್ದೇ ಹಾಕಿದ್ದಾರೆ.

ಇದು ನಮ್ಮೊಬ್ಬರ ರೋಗವಲ್ಲ. ಅಮೆರಿಕದ ಟೀವಿಯಲ್ಲಿ ಹಲ್ಲೆಲೂಯಾ ಅನ್ನುವ ಹಾಡಿಗೆ ಏನಾಯಿತು ಅಂತ ನೋಡಿದರೆ ಬೊಂಬೆಯ ಮುಂದಿನ ದಾರಿಯೂ ಸ್ವಲ್ಪ ಕಾಣಿಸುತ್ತದೆ. ಕೆನಡಾದ ಲಿಯೊನಾರ್ಡ್ ಕೋಹೆನ್ ಅದನ್ನು 1984ರ ಆಲ್ಬಮ್‌ನಲ್ಲಿ ಹಾಡಿದರು. ಅವರ ಸಂಗೀತ ಕಂಪನಿ ಆ ಆಲ್ಬಮ್ಮನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಲು ಒಪ್ಪಲೇ ಇಲ್ಲ. 1991ರಲ್ಲಿ ಜಾನ್ ಕೇಲ್ ಹಾಡಿದರು, 1994ರಲ್ಲಿ ಜೆಫ್ ಬಕ್ಲಿ ಹಾಡಿದರು. 2001ರಲ್ಲಿ ಶ್ರೆಕ್ ಅನ್ನುವ ಮಕ್ಕಳ ಸಿನಿಮಾದಲ್ಲಿ ಕೇಲ್ ದನಿ ಬಂತು. ಅಲ್ಲಿಂದ ಟೀವಿಯವರು ಬಿಡಲಿಲ್ಲ. 2002ರಲ್ಲಿ ದಿ ವೆಸ್ಟ್ ವಿಂಗ್ ಧಾರಾವಾಹಿಯ ಮೂರನೇ ಸೀಸನ್ನಿನ ಕೊನೆಯಲ್ಲಿ ಒಬ್ಬ ಭದ್ರತಾ ಅಧಿಕಾರಿ ಗುಂಡೇಟಿಗೆ ಬಲಿಯಾದಾಗ ಬಕ್ಲಿ ಹಾಡಿದ್ದು ಬಂತು. ದಿ ಓ.ಸಿ. ಅನ್ನುವ ಹದಿಹರೆಯದವರ ಧಾರಾವಾಹಿ ಅದನ್ನು ಮೊದಲ ಸೀಸನ್ನಿನಲ್ಲೂ ಬಳಸಿತು, 2006ರಲ್ಲಿ ನಾಯಕಿ ಸತ್ತಾಗ ಇಮೋಜೆನ್ ಹೀಪ್ ದನಿಯಲ್ಲಿ ಇನ್ನೊಮ್ಮೆ ಹಾಕಿತು. ಆಸ್ಪತ್ರೆಯ ಕಥೆಗಳಲ್ಲೂ ಬಂತು, ಪೊಲೀಸ್ ಕಥೆಗಳಲ್ಲೂ ಬಂತು. 2008ರ ಡಿಸೆಂಬರಿನಲ್ಲಿ ಬ್ರಿಟನ್ನಿನ ದಿ ಎಕ್ಸ್ ಫ್ಯಾಕ್ಟರ್ ಅನ್ನುವ ಹಾಡಿನ ಸ್ಪರ್ಧೆ ಗೆದ್ದ ಅಲೆಕ್ಸಾಂಡ್ರಾ ಬರ್ಕ್ ಹಾಡಿದ್ದು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 1ನೇ ಸ್ಥಾನ, ಅದೇ ವಾರ ಬಕ್ಲಿಯದು 2ನೇ ಸ್ಥಾನ, ಬರೆದ ಕೋಹೆನ್ ಹಾಡಿದ್ದು 36ನೇ ಸ್ಥಾನ!

ಮರುವರ್ಷ ಕೋಹೆನ್ ಒಂದು ಸಂದರ್ಶನದಲ್ಲಿ ನಗುತ್ತಾ ಹೇಳಿದರು: ಸಿನಿಮಾ, ಟೀವಿಯಲ್ಲಿ ಈ ಹಾಡಿಗೆ ಸ್ವಲ್ಪ ದಿನ ವಿರಾಮ ಕೊಡಿ ಅಂತ ಒಬ್ಬ ವಿಮರ್ಶಕ ಬರೆದಿದ್ದನ್ನು ಓದಿದೆ, ನನಗೂ ಹಾಗೇ ಅನ್ನಿಸುತ್ತದೆ, ಹಾಡು ಒಳ್ಳೆಯದೇ, ಆದರೆ ಹಾಡುವವರು ಜಾಸ್ತಿಯಾದರು. ಬರೆದವನೇ ಸಾಕು ಅಂದ ಮೇಲಾದರೂ ನಿಲ್ಲಬೇಕಿತ್ತು, ಅಲ್ವಾ? ನಿಲ್ಲಲಿಲ್ಲ. 2016ರ ನವೆಂಬರಿನಲ್ಲಿ ಕೋಹೆನ್ ತೀರಿಕೊಂಡ ಸುದ್ದಿ ಬಂದ ವಾರವೇ ಸಾಟರ್ಡೇ ನೈಟ್ ಲೈವ್ ಅನ್ನುವ ಕಾಮಿಡಿ ಶೋದಲ್ಲಿ ಹಿಲರಿ ಕ್ಲಿಂಟನ್ ವೇಷ ಹಾಕಿದ ಕೇಟ್ ಮೆಕಿನನ್ ಪಿಯಾನೋ ಮುಂದೆ ಕೂತು ಅದನ್ನೇ ಹಾಡಿದರು. ಆ ಹಾಡು ಕಾಮ, ಬೈಬಲ್ಲು, ಸೋಲು, ಕುಚೋದ್ಯ ಎಲ್ಲ ಕಲೆಸಿದ ವಿಚಿತ್ರ ಹಾಡು. ಟೀವಿಗೆ ಬೇಕಾದದ್ದು ಅದರ ಒಂದೇ ಪದ, ಅದೂ ಮೆಲ್ಲಗೆ ಹಾಡಿದ್ದು. ನಮ್ಮ ಮುಂಗಾರು ಮಳೆಗೂ ಆದದ್ದು ಇದೇ.

ಅಲ್ಲಿನವರ ಇನ್ನೊಂದು ಚಟ, ಕುಣಿಯುವ ಹಾಡನ್ನು ನಿಧಾನ ಮಾಡಿ ಪಿಯಾನೋ ಜೊತೆ ಉಸಿರು ದನಿಯಲ್ಲಿ ಹಾಡಿಸುವುದು. ಟ್ರೇಲರ್‌ಗಳಲ್ಲಿ ಇದು ಜೋರಾಗಿದ್ದು 2010ರ ನಂತರ. ಆ ವರ್ಷ ದಿ ಸೋಷಿಯಲ್ ನೆಟ್‌ವರ್ಕ್ ಸಿನಿಮಾದ ಟ್ರೇಲರಿನಲ್ಲಿ ಬೆಲ್ಜಿಯಂನ ಹುಡುಗಿಯರ ಕೋರಸ್ ರೇಡಿಯೋಹೆಡ್ ತಂಡದ ಕ್ರೀಪ್ ಹಾಡನ್ನು ಹಾಡಿತು. ನಿಜಕ್ಕೂ ಮೈ ಜುಮ್ಮೆನ್ನಿಸಿದ ಟ್ರೇಲರ್ ಅದು. ಆಮೇಲೆ ಬಂದ ನೂರಾರು ನಕಲುಗಳ ಪಾಪ ಅದರ ತಲೆಗೆ ಕಟ್ಟುವುದು ತಪ್ಪು. ಈ ನಿಧಾನದ ಹಿಂದೆ ಲೆಕ್ಕಾಚಾರವೂ ಇದೆ. ಒಂದು ಹಾಡನ್ನು ದೃಶ್ಯಕ್ಕೆ ಬಳಸಲು ಎರಡು ಒಪ್ಪಿಗೆ ಬೇಕು. ಹಾಡು ಬರೆದವರದು ಒಂದು, ಆ ಧ್ವನಿಮುದ್ರಣ ಯಾರ ಕೈಲಿದೆಯೋ ಅವರದು ಇನ್ನೊಂದು. ಬೇರೆಯವರಿಂದ ಹೊಸದಾಗಿ ಹಾಡಿಸಿದರೆ ಎರಡನೆಯ ದುಬಾರಿ ಬಾಗಿಲು ತಟ್ಟುವ ಕೆಲಸವೇ ಇಲ್ಲ. ಮೂಲ ಮುದ್ರಣವೇ ಬೇಕು ಅಂದರೆ ಖರ್ಚು ಎಷ್ಟು? 2012ರಲ್ಲಿ ಮ್ಯಾಡ್ ಮೆನ್ ಧಾರಾವಾಹಿ ಬೀಟಲ್ಸ್ ತಂಡದ ಒಂದೇ ಒಂದು ಹಾಡಿಗೆ ಸುಮಾರು 2.5 ಲಕ್ಷ ಡಾಲರ್ ಕೊಟ್ಟಿತು ಅಂತ ಪತ್ರಿಕೆಗಳು ಬರೆದವು.

ನಮ್ಮಲ್ಲೂ ಹಾಡು ಪುಕ್ಕಟೆ ಅಲ್ಲ. 2022ರಲ್ಲಿ ಭಾರತ್ ಜೋಡೋ ಯಾತ್ರೆಯ ವಿಡಿಯೋಗಳಿಗೆ ಕೆಜಿಎಫ್-2ರ ಹಾಡು ಬಳಸಿದ್ದಾರೆ ಅಂತ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಅನ್ನುವ ಸಂಗೀತ ಕಂಪನಿ ಕಾಂಗ್ರೆಸ್ ಪಕ್ಷದ ಮೇಲೆಯೇ ಕೋರ್ಟಿಗೆ ಹೋಗಿದ್ದು ನೆನಪಿರಬಹುದು. ರಾಷ್ಟ್ರೀಯ ಪಕ್ಷವನ್ನೇ ಬಿಡಲಿಲ್ಲ. ಹಾಗಾಗಿಯೇ ಇರಬೇಕು, ಟೀವಿಯಲ್ಲಿ ಕೆಜಿಎಫ್ ಅಲ್ಲದ, ಆದರೆ ಕೆಜಿಎಫ್ ಥರವೇ ಇರುವ ಡೋಲುಗಳು ಅಷ್ಟೊಂದು.

ಹಾಡಿನ ರೂಪ ಬದಲಿಸುವ ಅದೇ ಚಟ ಒಮ್ಮೊಮ್ಮೆ ಚಂದದ ಕೆಲಸವನ್ನೂ ಮಾಡಿಸುತ್ತದೆ ಅನ್ನುವುದು ಸೋಜಿಗ. ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಕಥೆ ಹೇಳುವ ಬ್ರಿಜರ್ಟನ್ ಧಾರಾವಾಹಿಯಲ್ಲಿ ಇಂದಿನ ಪಾಪ್ ಹಾಡುಗಳನ್ನು ಪಿಟೀಲಿನಲ್ಲಿ ನುಡಿಸುತ್ತಾರೆ. 2022ರ ಎರಡನೇ ಸೀಸನ್ನಿನಲ್ಲಿ ಭಾರತದಿಂದ ಬಂದ ಶರ್ಮಾ ಮನೆಯವರ ಅರಿಶಿನ ಶಾಸ್ತ್ರಕ್ಕೆ ಕಭಿ ಖುಷಿ ಕಭಿ ಗಮ್ ರಾಗ ಹಾಕಿದರು. ಲಂಡನ್ನಿನ ಬಂಗಲೆಯೊಳಗೆ ಅರಿಶಿನ ಹಚ್ಚಿಕೊಂಡ ಹೆಣ್ಣುಮಕ್ಕಳು, ಹಿಂದೆ ನಮಗೆಲ್ಲ ಗೊತ್ತಿರುವ ರಾಗ. ಮಾತಿಲ್ಲದೇ ಒಂದು ಗುಟ್ಟು ಹೇಳಿದ ಹಾಗಿತ್ತು.

ಹಾಡು ಕಥೆಯೊಳಗೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ವರ್ಷದ ಸ್ಟ್ರೇಂಜರ್ ಥಿಂಗ್ಸ್ ನಾಲ್ಕನೇ ಸೀಸನ್ ನೋಡಬೇಕು. ಮ್ಯಾಕ್ಸ್ ಅನ್ನುವ ಹುಡುಗಿ ಮಲಅಣ್ಣನನ್ನು ಕಳೆದುಕೊಂಡಿದ್ದಾಳೆ. ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು ಕೇಟ್ ಬುಷ್ ಹಾಡಿದ ರನಿಂಗ್ ಅಪ್ ದಟ್ ಹಿಲ್ ಕೇಳುತ್ತಲೇ ಇರುತ್ತಾಳೆ. ಆಮೇಲೆ ಕಥೆಯ ರಾಕ್ಷಸನ ಕೈಯಿಂದ ಅವಳನ್ನು ಉಳಿಸುವುದೂ ಅದೇ ಹಾಡು. ಅದನ್ನು ತೆಗೆದರೆ ಕಥೆಯೇ ಮುಂದೆ ಹೋಗುವುದಿಲ್ಲ. 1985ರಲ್ಲಿ ಬಂದಾಗ ಬ್ರಿಟನ್ನಿನಲ್ಲಿ 3ನೇ ಸ್ಥಾನಕ್ಕೆ ನಿಂತಿದ್ದ ಹಾಡು 37 ವರ್ಷಗಳ ನಂತರ 1ನೇ ಸ್ಥಾನಕ್ಕೆ ಹೋಯಿತು. ಸ್ಟೂಲಿನ ದೃಶ್ಯದಿಂದ ಹಾಡು ತೆಗೆಯಿರಿ, ಏನಾಗುತ್ತದೆ? ನಮ್ಮ ಎರಡು ನಿಮಿಷ ಉಳಿತಾಯವಾಗುತ್ತದೆ, ಅಷ್ಟೆ. ಆ ಗೆಲುವಿನ ನಂತರ ಪ್ರತಿಯೊಂದು ಇಂಗ್ಲಿಷ್ ಧಾರಾವಾಹಿಯೂ ತನ್ನದೊಂದು 80ರ ದಶಕದ ಹಾಡು ಹುಡುಕುತ್ತಿರುವ ಹಾಗೆ ಕಾಣುತ್ತದೆ. ಅದೂ ಇನ್ನೊಂದು ಚಟವಾಗಲು ಜಾಸ್ತಿ ದಿನ ಹಿಡಿಯಲಿಲ್ಲ.

ನಮ್ಮಲ್ಲಿ ಸಾಲ ಶುರುವಾಗುವುದು ಹೆಸರಿನಿಂದಲೇ. ಬೆಟ್ಟದ ಹೂ, ಗಟ್ಟಿಮೇಳ, ನಿನಗಾಗಿ, ನಾ ನಿನ್ನ ಬಿಡಲಾರೆ, ಶ್ರಾವಣಿ ಸುಬ್ರಹ್ಮಣ್ಯ: ಇವೆಲ್ಲ ಮೊದಲು ಸಿನಿಮಾಗಳು, ಆಮೇಲೆ ಧಾರಾವಾಹಿಗಳು. ಜೀವ ಹೂವಾಗಿದೆ, ಜೊತೆ ಜೊತೆಯಲಿ ಅನ್ನುವ ಹೆಸರುಗಳು ಕಿವಿಗೆ ಬಿದ್ದ ತಕ್ಷಣ 1981ರ ಎರಡು ಸಿನಿಮಾಗಳ ಹಾಡು ನೆನಪಾಗುತ್ತವೆ. ಅದರ ಕಾರಣ ಅರ್ಥವಾಗುತ್ತದೆ. ಹೊಸ ಹೆಸರನ್ನು ಜನರ ಬಾಯಿಗೆ ಹತ್ತಿಸಲು ಹೋರ್ಡಿಂಗ್ ಬೇಕು, ದುಡ್ಡು ಬೇಕು. ಹಳೇ ಹಾಡು ಆಗಲೇ ಬಾಯಲ್ಲಿದೆ.

ಹಾಗಂತ ಟೀವಿಗೆ ತನ್ನದೇ ಹಾಡು ಇರಲೇ ಇಲ್ಲ ಅಂತಲ್ಲ. 1998ರಲ್ಲಿ ಚಂದನದಲ್ಲಿ ಮಾಯಾಮೃಗ ಬರುತ್ತಿದ್ದಾಗ ಶೀರ್ಷಿಕೆ ಗೀತೆ ಕೇಳಿದರೆ ಬೀದಿಯಲ್ಲಿ ಆಡುತ್ತಿದ್ದ ಹುಡುಗರಿಗೂ ಗೊತ್ತಾಗುತ್ತಿತ್ತು, ಇನ್ನು ಅಮ್ಮನನ್ನು ಕೂಗಿದರೂ ಬರುವುದಿಲ್ಲ ಅಂತ. ಟಿ.ಎನ್. ಸೀತಾರಾಂ ಅವರ ಆಮೇಲಿನ ಧಾರಾವಾಹಿಗಳ ಗೀತೆಗಳನ್ನು ಭಾವಗೀತೆಗಳ ಹಾಗೆ ಪೂರ್ತಿ ಹಾಡುವವರಿದ್ದಾರೆ. ಅವು ಯಾವ ಸಿನಿಮಾದಿಂದಲೂ ಬಂದವಲ್ಲ. ದಿನವೂ ಪೂರ್ತಿ ಕೇಳಿಸಿ ಕೇಳಿಸಿಯೇ ನಮ್ಮವಾದವು. ಈಗ ಶೀರ್ಷಿಕೆ ಗೀತೆಗೆ ಅಷ್ಟು ಹೊತ್ತು ಕೊಡುವುದಿಲ್ಲ. ಕೆಲವು ಸೆಕೆಂಡಿನಲ್ಲಿ ಹೆಸರು ಮಿಂಚಿ ಮರೆಯಾಗುತ್ತದೆ. ಮೊಬೈಲಿನಲ್ಲಿ ನೋಡುವವರು ಅದನ್ನೂ ದಾಟಿಸಿಬಿಡುತ್ತಾರೆ. ತಮ್ಮದೇ ಹಾಡು ಮಾಡಿಸುವ ತಂಡಗಳು ಈಗಲೂ ಇವೆ, ಅವನ್ನು ಕೇಳಿಸಲು ಸಮಯ ಕೊಡುವವರು ಕಡಿಮೆ. ಸ್ಟೂಲಿಗೆ ಎರಡೂವರೆ ನಿಮಿಷ ಸಿಗುತ್ತದೆ, ಸ್ವಂತ ಹಾಡಿಗೆ ಹತ್ತು ಸೆಕೆಂಡು!

ಸ್ವಂತದ್ದಾದರೆ ಉಳಿಯುತ್ತದೆ ಅನ್ನುವ ಭರವಸೆಯೂ ಪೂರ್ತಿ ಇಲ್ಲ. 80ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಮಾಲ್ಗುಡಿ ಡೇಸ್ ಮಾಡಿದಾಗ ಎಲ್. ವೈದ್ಯನಾಥನ್ ಒಂದು ರಾಗ ಕೊಟ್ಟರು. ಆರ್.ಕೆ. ಲಕ್ಷ್ಮಣ್ ಅವರ ಗೆರೆಚಿತ್ರ, ಮೇಲೆ ಆ ರಾಗ. ಎಷ್ಟೋ ವರ್ಷ ಅದು ಆ ಊರಿನದು ಮಾತ್ರ ಆಗಿತ್ತು, ಬೇರೆ ಯಾವುದಕ್ಕೂ ಸೇರಿರಲಿಲ್ಲ. ಈಗ ರೀಲ್ಸ್ ತೆರೆದರೆ ಮಳೆಗೆ ಅದೇ ರಾಗ, ಅಡಿಕೆ ತೋಟಕ್ಕೆ ಅದೇ, ಸಾರಿಗೆ ಬಸ್ಸಿನ ಕಿಟಕಿಗೆ ಅದೇ, ಹೋಂಸ್ಟೇ ಜಾಹೀರಾತಿಗೆ ಅದೇ, ಬೆಂಗಳೂರಿನ ಫ್ಲಾಟಿನ ಬಾಲ್ಕನಿಯಲ್ಲಿ ಇಟ್ಟ ಕಾಫಿ ಲೋಟಕ್ಕೂ ಅದೇ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ 2020ರಿಂದ ಮಾಲ್ಗುಡಿ ಮ್ಯೂಸಿಯಂ ಇದೆ. ಧಾರಾವಾಹಿಯಲ್ಲಿ ಕಾಣುವ ಹಳೇ ನಿಲ್ದಾಣದ ಕಟ್ಟಡ ಅದು. ಅಲ್ಲಿಗೆ ಹೋದವರೂ ಪ್ಲಾಟ್‌ಫಾರ್ಮಿನಲ್ಲಿ ನಿಂತು ಆ ರಾಗ ಹಾಕಿ ರೀಲ್ಸ್ ಮಾಡುತ್ತಾರೆ. ಮಾಡಲಿ, ಅವರಿಗೆ ಆ ಹಕ್ಕಿದೆ. ನನ್ನ ಜಗಳ ಏನಿದ್ದರೂ ಕಾಫಿ ಲೋಟದವರ ಜೊತೆ.